ಅಕ್ಟೋಬರ್ 3ರ ಸಂಜೆ: ಸಂತ ಫ್ರಾನ್ಸಿಸರ ಟ್ರಾನ್ಸಿಟಸ್ ಪ್ರಾರ್ಥನೆ ನಡೆಸುವ ಬಗೆ

1226ರ ಅಕ್ಟೋಬರ್ 3, ಶನಿವಾರ. ಕತ್ತಲಾಗುವ ಹೊತ್ತಿಗೆ ಇಟಲಿಯ ಅಸ್ಸಿಸಿ ಊರಿನ ಕೆಳಗಿನ ಬಯಲಿನಲ್ಲಿ, ಪೊರ್ಸಿಯುಂಕೊಲ ಎಂಬ ಪುಟ್ಟ ದೇವಾಲಯದ ಪಕ್ಕದಲ್ಲಿ ಸಂತ ಫ್ರಾನ್ಸಿಸರು ಪ್ರಾಣ ಬಿಟ್ಟರು. ಆಗ ಅವರಿಗೆ ನಲವತ್ತನಾಲ್ಕರ ಆಸುಪಾಸು ವಯಸ್ಸು. ಪ್ರತಿವರ್ಷ ಅದೇ ಸಂಜೆ ಲೋಕದಾದ್ಯಂತ ಫ್ರಾನ್ಸಿಸ್ಕನ್ ಕುಟುಂಬದವರು ಸೇರಿ ಆ ಗಳಿಗೆಯನ್ನು ಸ್ಮರಿಸುತ್ತಾರೆ. ಈ ಪ್ರಾರ್ಥನೆಗೆ ಟ್ರಾನ್ಸಿಟಸ್, ಅಂದರೆ ದಾಟುವಿಕೆ, ಎಂದು ಹೆಸರು. ಮಠಗಳಲ್ಲಿ ಇದನ್ನು ಗುರುಗಳು, ಬ್ರದರ್‌ಗಳು ನಡೆಸುತ್ತಾರೆ. ಆದರೆ ಇದನ್ನು ನಡೆಸಲು ಗುರುದೀಕ್ಷೆಯೇನೂ ಬೇಕಿಲ್ಲ. ಸಂಸಾರದಲ್ಲಿದ್ದುಕೊಂಡೇ ಫ್ರಾನ್ಸಿಸರ ದಾರಿ ಹಿಡಿದ ಸೆಕ್ಯುಲರ್ ಫ್ರಾನ್ಸಿಸ್ಕನ್ ಸಭೆಯವರು, ಅಂದರೆ ಹಿರಿಯರು ಈಗಲೂ ‘ಮೂರನೇ ಸಭೆ’ ಎನ್ನುವವರು, ತಾವೇ ನಿಂತು ನಡೆಸಬಹುದು. ಈ ಸಭೆಯ ಮೊದಲ ನಿಯಮಾವಳಿ ಸಿದ್ಧವಾದದ್ದು 1221ರಲ್ಲಿ, ಫ್ರಾನ್ಸಿಸರು ಬದುಕಿದ್ದಾಗಲೇ. ಈಗ ಜಾರಿಯಲ್ಲಿರುವುದು ಆರನೇ ಪೌಲ್ ಜಗದ್ಗುರುಗಳು 1978ರ ಜೂನ್ 24ರಂದು ಅಂಗೀಕರಿಸಿದ ನಿಯಮ.

2026ರ ಅಕ್ಟೋಬರ್ 3ಕ್ಕೆ ಈ ಮರಣಕ್ಕೆ ಎಂಟುನೂರು ವರ್ಷ ತುಂಬುತ್ತದೆ. ಆವತ್ತೂ ಶನಿವಾರವೇ. ಎಂದೂ ಟ್ರಾನ್ಸಿಟಸ್ ಮಾಡದ ಧರ್ಮಕೇಂದ್ರಗಳೂ (ಪ್ಯಾರಿಷ್‌ಗಳೂ) ಈ ನೆಪದಲ್ಲಿ ಶುರುಮಾಡಲು ಹೊರಡುತ್ತವೆ. ಹೀಗೆ ಹೊಸದಾಗಿ ಹೊರಟವರು ಎಡವುವುದು ಒಂದೇ ಕಡೆ: ಅದನ್ನೂ ಇದನ್ನೂ ಸೇರಿಸಿ ಪ್ರಾರ್ಥನೆಯನ್ನು ವಾರ್ಷಿಕೋತ್ಸವ ಮಾಡಿಬಿಡುತ್ತಾರೆ.

ಸಾಯುವ ಹೊತ್ತಿಗೆ ಫ್ರಾನ್ಸಿಸರು ತಾವಾಗಿ ಕೇಳಿಕೊಂಡದ್ದು ಮುಖ್ಯವಾಗಿ ನಾಲ್ಕು. ತಮ್ಮನ್ನು ಬರೀ ನೆಲದ ಮೇಲೆ ಮಲಗಿಸಿ ಎಂದರು. ರೊಟ್ಟಿ ತರಿಸಿ, ಹರಸಿ, ಮುರಿದು ಸೋದರರಿಗೆ ಹಂಚಿಸಿದರು. ಯೊವಾನ್ನರ ಶುಭಸಂದೇಶದಲ್ಲಿ ಪಾಸ್ಕಹಬ್ಬಕ್ಕೆ ಮುಂಚಿನ ಘಟನೆ ಬರುವ ಭಾಗವನ್ನು ಓದಿಸಿದರು. ಕಡೆಗೆ 142ನೇ ಕೀರ್ತನೆಯನ್ನು ತಮ್ಮ ಕ್ಷೀಣ ದನಿಯಲ್ಲೇ ಹೇಳಿ ಮುಗಿಸಿದರು. ನೆಲ, ರೊಟ್ಟಿ, ಶುಭಸಂದೇಶ, ಕೀರ್ತನೆ. ನಿಮ್ಮ ಕಾರ್ಯಕ್ರಮಪಟ್ಟಿಯಲ್ಲಿ ಈ ನಾಲ್ಕಕ್ಕೆ ಆಸರೆಯಾಗದ ಅಂಶವೇನಾದರೂ ಇದ್ದರೆ ಹೊಡೆದುಹಾಕಿ. ಸ್ವಾಗತ ಭಾಷಣ, ಶಾಲು, ವಂದನಾರ್ಪಣೆ ಇವೆಲ್ಲ ಮರುದಿನ ಹಬ್ಬದ ಊಟದ ಹೊತ್ತಿಗಿರಲಿ.

ದಿನ, ಹೊತ್ತು, ಅಪ್ಪಣೆ

ಹಬ್ಬ ಅಕ್ಟೋಬರ್ 4ಕ್ಕೆ, ಟ್ರಾನ್ಸಿಟಸ್ ಅದರ ಹಿಂದಿನ ಸಂಜೆ. ಅನುಕೂಲ ನೋಡಿ ಹಬ್ಬದ ದಿನ ಬೆಳಿಗ್ಗೆಗೋ ಮುಂದಿನ ಭಾನುವಾರಕ್ಕೋ ತಳ್ಳಬೇಡಿ. ಇಡೀ ಪ್ರಾರ್ಥನೆ ಬೆಳಕಿನಿಂದ ಕತ್ತಲಿಗೆ, ಕತ್ತಲಿಂದ ಮತ್ತೆ ಬೆಳಕಿಗೆ ಸಾಗುವುದರಿಂದ ಹೊರಗೆ ನಿಜವಾಗಿ ಕತ್ತಲಾಗಿರಬೇಕು. ಅಕ್ಟೋಬರ್ ಮೊದಲ ವಾರ ಬೆಂಗಳೂರಿನಲ್ಲಿ ಸೂರ್ಯ ಮುಳುಗುವುದು ಆರು ಗಂಟೆ ಹತ್ತು ನಿಮಿಷದ ಸುಮಾರಿಗೆ, ಕರಾವಳಿಯಲ್ಲಿ ಕೊಂಚ ತಡವಾಗಿ. ಆರೂಮುಕ್ಕಾಲಿಗೆ ಶುರುಮಾಡಿದರೆ ಎರಡೂ ಕಡೆ ಸರಿಹೋಗುತ್ತದೆ.

ಅಕ್ಟೋಬರ್ ಜಪಸರದ (ರೋಸರಿಯ) ತಿಂಗಳು. ಬಹುಪಾಲು ಧರ್ಮಕೇಂದ್ರಗಳಲ್ಲಿ ಸಂಜೆ ಆರಕ್ಕೆ ಜಪಸರ ಇದ್ದೇ ಇರುತ್ತದೆ. ಅದನ್ನು ರದ್ದುಮಾಡಿಸಲು ಹೋದರೆ ಇಲ್ಲದ ಮನಸ್ತಾಪ. ಬದಲಿಗೆ ಆರಕ್ಕೆ ಜಪಸರ ಎಂದಿನಂತೆ ನಡೆಯಲಿ, ಆರೂವರೆಗೆ ಮುಗಿಯಲಿ, ಹದಿನೈದು ನಿಮಿಷ ಮೌನ ಇರಲಿ, ಆಮೇಲೆ ಟ್ರಾನ್ಸಿಟಸ್. ಏಳು ದಶಕಗಳ (ಹತ್ತರ ಗುಂಪುಗಳ) ಫ್ರಾನ್ಸಿಸ್ಕನ್ ಜಪಸರ, ಅಂದರೆ ಕೊನೆಯ ಎರಡೂ ಸೇರಿ ಒಟ್ಟು 72 ನಮೋ ಮರಿಯಾ, ಹೇಳಬೇಕೆಂಬ ಆಸೆ ಇದ್ದರೆ ಹಿಂದಿನ ದಿನ ಹೇಳಿ. ಅದೇ ಸಂಜೆ ಸೇರಿಸಿದರೆ ವಯಸ್ಸಾದವರು ಮುಖ್ಯ ಭಾಗ ಬರುವ ಮೊದಲೇ ದಣಿದಿರುತ್ತಾರೆ.

3ನೇ ತಾರೀಖು ಶನಿವಾರ ಬಂದ ವರ್ಷ ಒಂದು ಪೇಚಿದೆ. ಶನಿವಾರ ಸಂಜೆ ಹಲವು ಕಡೆ ಭಾನುವಾರದ ಬಲಿಪೂಜೆಯೇ (ಮಾಸ್) ನಡೆಯುತ್ತದೆ. ಆ ಪೂಜೆಯ ವಾಚನಗಳನ್ನಾಗಲೀ ಶುಭಸಂದೇಶವನ್ನಾಗಲೀ ತೆಗೆದು ಟ್ರಾನ್ಸಿಟಸ್ ವಾಚನ ಹಾಕುವಂತಿಲ್ಲ. ಪೂಜೆ ಪೂರ್ತಿ ಮುಗಿದು, ಗುರುಗಳು ಒಳಗೆ ಹೋದ ಮೇಲೆ ಹತ್ತು ನಿಮಿಷ ಬಿಟ್ಟು ಬೇರೆಯಾಗಿಯೇ ಪ್ರಾರಂಭಿಸಿ.

ಧರ್ಮಕೇಂದ್ರದ ಗುರುಗಳ ಅಪ್ಪಣೆಯನ್ನು ಸೆಪ್ಟೆಂಬರ್ ಮೊದಲ ವಾರದಲ್ಲೇ ಕೇಳಿ. ದೇವಾಲಯ ಎಷ್ಟು ಹೊತ್ತು ಬೇಕು, ದೀಪ ಆರಿಸುತ್ತೀರಿ, ಗಂಟೆ ಹೊಡೆಯುತ್ತೀರಿ, ರೊಟ್ಟಿ ಹಂಚುತ್ತೀರಿ ಎನ್ನುವುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಡಿ. ನಿಮ್ಮ ಕೂಟಕ್ಕೆ, ಅಂದರೆ ಸಭೆಯ ಸ್ಥಳೀಯ ಘಟಕಕ್ಕೆ, ಆಧ್ಯಾತ್ಮಿಕ ಸಹಾಯಕರಾಗಿ ಕಪುಚಿನ್ (ಫ್ರಾನ್ಸಿಸ್ಕನ್ನರದೇ ಒಂದು ಶಾಖೆ) ಅಥವಾ ಬೇರೆ ಫ್ರಾನ್ಸಿಸ್ಕನ್ ಗುರುಗಳಿದ್ದರೆ, ಆ ಸಂಜೆ ಅವರು ತಮ್ಮ ಮಠದಲ್ಲೇ ಇರಬೇಕಾಗುತ್ತದೆ ಎನ್ನುವುದು ನೆನಪಿರಲಿ. ‘ಫಾದರ್ ಬರುತ್ತಾರೆ’ ಎಂದು ನಂಬಿ ಕೂತು, ಕಡೇ ಗಳಿಗೆಯಲ್ಲಿ ಕಂಗಾಲಾಗುವುದು ತೀರಾ ಸಾಮಾನ್ಯ. ಗುರುಗಳಿಲ್ಲದೆಯೂ ನಡೆಯುವಂತೆಯೇ ತಯಾರಿ ಮಾಡಿ, ಬಂದರೆ ಸಂತೋಷ. ಫರಂಗಿಪೇಟೆಯ ಮೊಂತೆ ಮರಿಯಾನೊದಂಥ ಕಪುಚಿನ್ ಮಠದ ಹತ್ತಿರ ಇರುವವರು ಮೊದಲ ವರ್ಷ ಅಲ್ಲಿ ಹೋಗಿ ಸೇರಿಕೊಂಡು, ಎರಡನೇ ವರ್ಷದಿಂದ ತಮ್ಮಲ್ಲೇ ಮಾಡುವುದು ಜಾಣತನ.

ಅಭ್ಯಾಸಕ್ಕೆ ಅಕ್ಟೋಬರ್ 2ಕ್ಕಿಂತ ಒಳ್ಳೆಯ ದಿನವಿಲ್ಲ. ಗಾಂಧಿ ಜಯಂತಿ, ಎಲ್ಲರಿಗೂ ರಜೆ.

ನಡೆಸುವವರು

ಎಂಟು ಜನ ಸಾಕು: ಒಬ್ಬರು ಮುಂದಾಳು (ಸಾಮಾನ್ಯವಾಗಿ ಸ್ಥಳೀಯ ಕೂಟದ ಮಿನಿಸ್ಟರ್), ಮೂವರು ವಾಚಕರು, ಹಾಡು ಎತ್ತಿಕೊಡಲು ಒಬ್ಬರು, ನೆಲದ ಕೆಲಸಕ್ಕೆ ಇಬ್ಬರು, ದೀಪದ ಸ್ವಿಚ್ಚು ಮತ್ತು ಗಂಟೆಗೆ ಒಬ್ಬರು. ಈ ಕೊನೆಯವರನ್ನು ಆರಿಸುವಾಗ ಎಲ್ಲರೂ ಹಗುರವಾಗಿ ನಡೆದುಕೊಳ್ಳುತ್ತಾರೆ. ನಿಜಕ್ಕೂ ಕಾರ್ಯಕ್ರಮ ಕೆಡುವುದು ಅಲ್ಲೇ. ಯಾವ ಸ್ವಿಚ್ಚು ಯಾವ ದೀಪದ್ದು ಎಂದು ಹಿಂದಿನ ದಿನವೇ ನೋಡಿ, ಚಿಕ್ಕ ಕಾಗದದ ಚೂರು ಅಂಟಿಸಿಡಬೇಕು. ಇಲ್ಲದಿದ್ದರೆ ಮರಣದ ವಾಚನ ನಡೆಯುವಾಗ ದೀಪದ ಬದಲು ಮೈಕು ಆರಿಹೋಗುತ್ತದೆ, ಇಲ್ಲವೇ ಫ್ಯಾನು ಜೋರಾಗಿ ತಿರುಗಿ ಮೇಣದಬತ್ತಿಗಳೆಲ್ಲ ನಂದುತ್ತವೆ.

ಗುರುಗಳಾಗಲೀ ಡೀಕನ್ (ಗುರುಗಳಿಗಿಂತ ಕೆಳಹಂತದ ದೀಕ್ಷೆ ಪಡೆದವರು) ಆಗಲೀ ಇಲ್ಲದಾಗ ಮುಂದಾಳು ಪಾಲಿಸಬೇಕಾದ ಮೂರು ಮಿತಿಗಳಿವೆ. ಪೀಠದ ಹಿಂದೆ ನಿಲ್ಲಬಾರದು, ಗುರುಗಳ ಆಸನದಲ್ಲಿ ಕೂರಬಾರದು. ಮೆಟ್ಟಿಲ ಕೆಳಗೆ, ಜನರ ಜೊತೆಯಲ್ಲೇ ಒಂದು ಕುರ್ಚಿ ಹಾಕಿಕೊಳ್ಳಲಿ. ‘ಪ್ರಭು ನಿಮ್ಮೊಡನೆ ಇರಲಿ’ ಎಂದು ಕೈ ಚಾಚಿ ಹೇಳುವಂತಿಲ್ಲ. ಕೊನೆಯಲ್ಲಿ ಜನರ ಮೇಲೆ ಶಿಲುಬೆ ಗುರುತು ಹಾಕಿ ಹರಸುವಂತಿಲ್ಲ. ತಮ್ಮ ಮೇಲೆ ತಾವೇ ಶಿಲುಬೆ ಗುರುತು ಹಾಕಿಕೊಳ್ಳುತ್ತಾ ‘ಪ್ರಭು ನಮ್ಮನ್ನು ಆಶೀರ್ವದಿಸಲಿ, ಸಕಲ ಕೇಡಿನಿಂದ ಕಾಪಾಡಲಿ, ನಿತ್ಯಜೀವಕ್ಕೆ ಸೇರಿಸಲಿ’ ಎನ್ನಬೇಕು. ‘ನಿಮ್ಮನ್ನು’ ಅಲ್ಲ, ‘ನಮ್ಮನ್ನು’. ಗುರುಗಳು ಬಂದು ನಡೆಸಿದರೆ ಅವರು ಕೊರಳಿಗೆ ಹಾಕುವ ಪಟ್ಟಿ, ಅಂದರೆ ಸ್ಟೋಲ್, ಬಿಳಿಯದು. ಇದು ಶವಸಂಸ್ಕಾರವಲ್ಲ. ಕಪ್ಪು, ನೇರಳೆ ಬಟ್ಟೆಯನ್ನು ಎಲ್ಲೂ ಹಾಸಬೇಡಿ.

ಬೇಕಾದ ಸಾಮಾನು (ಸುಮಾರು 80 ಜನಕ್ಕೆ)

ಸಾನ್ ದಾಮಿಯಾನೊ ಶಿಲುಬೆ ಒಂದು, ಕನಿಷ್ಠ ಎರಡಡಿ ಎತ್ತರದ್ದು. ಫ್ರಾನ್ಸಿಸರು ಪಾಳುಬಿದ್ದ ದೇವಾಲಯದಲ್ಲಿ ಪ್ರಾರ್ಥಿಸಿದ್ದು ಈ ಬಗೆಯ ಬಣ್ಣದ ಶಿಲುಬೆಯ ಮುಂದೆ. ಮೂಲ ಶಿಲುಬೆ ಈಗ ಅಸ್ಸಿಸಿಯ ಸಂತ ಕ್ಲಾರ ಮಹಾದೇವಾಲಯದಲ್ಲಿದೆ. ಮರದ್ದು ಸಿಗದಿದ್ದರೆ ಚಿತ್ರವನ್ನು ಪ್ರಿಂಟ್ ಮಾಡಿಸಿ ರಟ್ಟಿಗೆ ಅಂಟಿಸಿ, ನಡೆಯುತ್ತದೆ.

ಗೋಣಿಚೀಲ ಒಂದು, ಹೊಲಿಗೆ ಬಿಚ್ಚಿ ಅಗಲ ಮಾಡಿದ್ದು. ಇದನ್ನು ಒಂದು ವಾರ ಮುಂಚೆ ನೀರಲ್ಲಿ ಅದ್ದಿ, ಕೊಡವಿ, ಬಿಸಿಲಲ್ಲಿ ಎರಡು ದಿನ ಒಣಗಿಸಬೇಕು. ಅಂಗಡಿಯಿಂದ ಆವತ್ತೇ ತಂದ ಗೋಣಿಯಲ್ಲಿ ಹಿಂದೆ ಏನಿತ್ತೋ ಯಾರಿಗೆ ಗೊತ್ತು? ಒಣಮೆಣಸಿನಕಾಯಿ ತುಂಬಿದ್ದ ಗೋಣಿಯನ್ನು ಮೌನದ ಹೊತ್ತಲ್ಲಿ ಝಾಡಿಸಿ ಹಾಸಿದರೆ ಮುಂದಿನ ಎರಡು ಸಾಲಿನವರು ಸೀನುವುದನ್ನು ನಿಲ್ಲಿಸುವುದೇ ಇಲ್ಲ. ಗೊಬ್ಬರದ ಪ್ಲಾಸ್ಟಿಕ್ ಚೀಲ ಬೇಡ, ಸೆಣಬಿನದೇ ಬೇಕು.

ಬೂದಿ ಒಂದು ಹಿಡಿ, ಸೌದೆ ಒಲೆಯದು, ಜರಡಿ ಹಿಡಿದದ್ದು. ಪೂರ್ತಿ ಆರಿದೆಯೇ ಎಂದು ಕೈಯಲ್ಲಿ ಮುಟ್ಟಿ ನೋಡಿ. ಒಲೆಯಿಂದ ಬೆಳಿಗ್ಗೆ ತೆಗೆದ ಬೂದಿಯೊಳಗೆ ಸಂಜೆಯವರೆಗೂ ಕೆಂಡದ ಚೂರು ಉಳಿದಿರಬಹುದು, ಕೆಳಗಿರುವುದು ಸೆಣಬು.

ಮೇಣದಬತ್ತಿ 90, ರಟ್ಟಿನ ಬಿಲ್ಲೆ ಸಿಕ್ಕಿಸಿದ್ದು. ಕಾಲು ಗಂಟೆಯಷ್ಟೇ ಉರಿಯುವುದರಿಂದ ಚಿಕ್ಕವೇ ಸಾಕು. ಒಂದು ದೊಡ್ಡ ಬತ್ತಿ ಶಿಲುಬೆಯ ಪಕ್ಕಕ್ಕೆ. ಒಂದು ಬಕೆಟ್ ನೀರು, ಒಂದು ಬಕೆಟ್ ಮರಳು ಹಿಂಬಾಗಿಲ ಬಳಿ. ವಾಚಕರಿಗೆ ಬ್ಯಾಟರಿಯ ಓದುವ ದೀಪ ಅಥವಾ ಟಾರ್ಚು. ಇದನ್ನು ಮರೆತರೆ ಕತ್ತಲಲ್ಲಿ ಮೊಬೈಲ್ ಹೊರಬರುತ್ತದೆ, ಅದು ಬೆಳಗುತ್ತಲೇ ನೋಟಿಫಿಕೇಷನ್ನಿನ ಸದ್ದೂ ಮೈಕಿನಲ್ಲಿ ಕೇಳುತ್ತದೆ.

ಹೂವು ಕಡಿಮೆ ಇರಲಿ. ದಸರೆಯ ಆಸುಪಾಸು ಸೇವಂತಿಗೆಗೆ ಬೆಂಕಿ ಬೆಲೆ. ಬಡವರಾಗಿ ಸಾಯಬೇಕೆಂದು ಹಟ ಹಿಡಿದವರ ಸ್ಮರಣೆಗೆ ಸಾವಿರಗಟ್ಟಲೆ ರೂಪಾಯಿ ಹೂವು ಸುರಿಯುವುದು ಚೆಂದ ಕಾಣುವುದಿಲ್ಲ.

ಸಂತರ ಪವಿತ್ರ ಅವಶೇಷ ನಿಮ್ಮ ದೇವಾಲಯದಲ್ಲಿದ್ದರೆ ಅದಕ್ಕೆ ಬೇರೆ ಪುಟ್ಟ ಮೇಜು ಹಾಕಿ. ಬಲಿಪೀಠದ ಮೇಲೆ ಇಡುವ ಕ್ರಮವಿಲ್ಲ.

ವಾಚನಗಳನ್ನು ಸಿದ್ಧಪಡಿಸುವುದು

ಫ್ರಾನ್ಸಿಸರ ಕೊನೆಯ ದಿನಗಳ ಬಗ್ಗೆ ಹಳೆಯ ಬರಹಗಳು ಹಲವಿವೆ. ಥಾಮಸ್ ಚೆಲಾನೊ ಬರೆದ ಎರಡು ಚರಿತ್ರೆಗಳೂ ಸಂತ ಬೊನವೆಂತೂರರ ದೊಡ್ಡ ಚರಿತ್ರೆಯೂ ಮುಖ್ಯವಾದವು. ಮೊದಲ ಸಲ ಮಾಡುವವರು ಬೊನವೆಂತೂರರ 14ನೇ ಅಧ್ಯಾಯವನ್ನೇ ಮುಖ್ಯವಾಗಿ ಇಟ್ಟುಕೊಳ್ಳಲಿ. ಪೂರ್ತಿ ಮರಣಪ್ರಸಂಗ ಅಲ್ಲಿ ಒಟ್ಟಿಗೆ ಸಿಗುತ್ತದೆ. ರೊಟ್ಟಿಯ ಪ್ರಸಂಗವನ್ನು ಚೆಲಾನೊ ಅವರ ಎರಡನೇ ಚರಿತ್ರೆಯಿಂದ, ಊರನ್ನು ಹರಸಿದ್ದನ್ನು ‘ಅಸ್ಸಿಸಿ ಸಂಕಲನ’ ಎಂಬ ಹಳೆಯ ಬರಹದಿಂದ, ಸಾನ್ ದಾಮಿಯಾನೊ ದರ್ಶನವನ್ನು ಬೊನವೆಂತೂರರ 15ನೇ ಅಧ್ಯಾಯದಿಂದ ಎತ್ತಿಕೊಳ್ಳಬೇಕು.

ಇದನ್ನು ನಾಲ್ಕು ತುಂಡು ಮಾಡಿ, ಒಂದೊಂದೂ 150ರಿಂದ 180 ಪದ. ನಿಧಾನವಾಗಿ ಓದಿದರೆ ಎರಡು ನಿಮಿಷ. ಮೊದಲನೆಯದರಲ್ಲಿ ಕಾಯಿಲೆ, ಕುರುಡು, 1224ರಲ್ಲಿ ಲಾ ವೆರ್ನಾ ಬೆಟ್ಟದಲ್ಲಿ ಅವರ ಮೈಮೇಲೆ ಮೂಡಿದ, ಕ್ರಿಸ್ತರ ಗಾಯಗಳಂಥ ಪಂಚಗಾಯಗಳ ನೋವು. ಬಿಷಪರ ಮನೆಯಿಂದ ಪೊರ್ಸಿಯುಂಕೊಲಕ್ಕೆ ಹೊತ್ತು ತರುವಾಗ ದಾರಿಯಲ್ಲಿ ನಿಲ್ಲಿಸಿ, ಕಣ್ಣು ಕಾಣದಿದ್ದರೂ ಅಸ್ಸಿಸಿಯ ಕಡೆ ಮುಖ ಮಾಡಿಸಿಕೊಂಡು ಊರನ್ನು ಹರಸಿದ್ದು. ಎರಡನೆಯದರಲ್ಲಿ ಬೆತ್ತಲೆಯಾಗಿ ನೆಲದ ಮೇಲೆ ಮಲಗಿದ್ದು, ಮಠದ ಹಿರಿಯ ಸೋದರ ‘ಈ ಬಟ್ಟೆ ನಿನ್ನದಲ್ಲ, ಸಾಲವಾಗಿ ಕೊಡುತ್ತಿದ್ದೇನೆ, ಬೇರೆಯವರಿಗೆ ದಾನ ಮಾಡುವ ಹಕ್ಕು ನಿನಗಿಲ್ಲ’ ಎಂಬರ್ಥದ ಮಾತು ಹೇಳಿ ನಿಲುವಂಗಿ ತೊಡಿಸಿದ್ದು. ಮೂರನೆಯದು ಮರಣ. ನಾಲ್ಕನೆಯದು ಆಮೇಲಿನದು: ಕತ್ತಲೆಂದರೆ ಆಗದ ಲಾರ್ಕ್ ಹಕ್ಕಿಗಳು ಮುಸ್ಸಂಜೆಯಲ್ಲಿ ಮನೆಯ ಮಾಡಿನ ಮೇಲೆ ಸುತ್ತುತ್ತ ಹಾಡಿದ್ದು, ಮರುದಿನ ದೇಹವನ್ನು ಸಾನ್ ದಾಮಿಯಾನೊಗೆ ತಂದು ಅಲ್ಲಿನ ಸನ್ಯಾಸಿನಿ ಸಂತ ಕ್ಲಾರ ಮತ್ತು ಅವರ ಸೋದರಿಯರಿಗೆ ಕಡೆಯ ದರ್ಶನ ಮಾಡಿಸಿದ್ದು.

ಅಕ್ಷರದ ಗಾತ್ರ 16ಕ್ಕಿಂತ ಕಡಿಮೆ ಬೇಡ, ಸಾಲುಗಳ ನಡುವೆ ಜಾಗವಿರಲಿ, ಒಂದು ವಾಚನ ಒಂದೇ ಹಾಳೆಯಲ್ಲಿ ಮುಗಿಯಲಿ. ಇಟಾಲಿಯನ್ ಹೆಸರುಗಳನ್ನು ವಾಚಕರು ಅಭ್ಯಾಸದ ದಿನವೇ ಗಟ್ಟಿಯಾಗಿ ಓದಿ ನಾಲಿಗೆಗೆ ಕೂರಿಸಿಕೊಳ್ಳಲಿ.

ಜನರ ಕೈಗೆ ಕೊಡುವ ಹಾಳೆಯಲ್ಲಿ ಎರಡು ತಪ್ಪು ಪದೇ ಪದೇ ನುಸುಳುತ್ತವೆ. ಒಂದು, ಕೀರ್ತನೆಯ ಸಂಖ್ಯೆ. ಹಳೆಯ ಲತೀನ್ ಲೆಕ್ಕದಲ್ಲಿ ಇದು 141. ಈಗಿನ ಕನ್ನಡ ಬೈಬಲಿನಲ್ಲಿ 142. ಹಳೆಯ ಪ್ರಾರ್ಥನಾ ಪುಸ್ತಕ ನೋಡಿ ‘141’ ಎಂದು ಜೆರಾಕ್ಸ್ ಮಾಡಿಸಿದರೆ ಜನ ಬೇರೆಯೇ ಕೀರ್ತನೆ ತೆರೆದು ಕೂರುತ್ತಾರೆ. ಸಂಖ್ಯೆಯ ಗೊಡವೆಯೇ ಬೇಡ, ಏಳೂ ಚರಣಗಳನ್ನು ಹಾಳೆಯಲ್ಲೇ ಅಚ್ಚುಮಾಡಿ. ಇನ್ನೊಂದು, ‘ನನ್ನನ್ನು ನಿನ್ನ ಶಾಂತಿಯ ಸಾಧನವಾಗಿಸು’ ಎಂಬ ಪ್ರಸಿದ್ಧ ಪ್ರಾರ್ಥನೆಯ ಕೆಳಗೆ ‘ಸಂತ ಫ್ರಾನ್ಸಿಸರ ರಚನೆ’ ಎಂದು ಹಾಕುವುದು. ಅದು ಮೊದಲು ಅಚ್ಚಾದದ್ದು 1912ರಲ್ಲಿ, ಪ್ಯಾರಿಸಿನ ಒಂದು ಚಿಕ್ಕ ಪತ್ರಿಕೆಯಲ್ಲಿ. ಹಾಡಲು ಅಡ್ಡಿಯಿಲ್ಲ, ಫ್ರಾನ್ಸಿಸರ ಹೆಸರು ಮಾತ್ರ ಹಾಕಬೇಡಿ. ಅವರದೇ ಆದ ರಚನೆ ಬೇಕೆಂದರೆ ಸೃಷ್ಟಿಗೀತೆ ಇದೆಯಲ್ಲ.

ಬೆಂಗಳೂರಿನಂಥ ಕಡೆ ಒಂದೇ ಕೂಟದಲ್ಲಿ ಕನ್ನಡ, ತಮಿಳು, ಕೊಂಕಣಿ ಮೂರೂ ಮಾತಿನವರಿರುತ್ತಾರೆ. ಎಲ್ಲರನ್ನೂ ಮೆಚ್ಚಿಸಲು ಒಂದೊಂದು ವಾಚನ ಒಂದೊಂದು ಭಾಷೆಯಲ್ಲಿ ಮಾಡಿದರೆ ಕಥೆ ಯಾರಿಗೂ ಪೂರ್ತಿ ದಕ್ಕುವುದಿಲ್ಲ. ವಾಚನವೆಲ್ಲ ಒಂದೇ ಭಾಷೆಯಲ್ಲಿರಲಿ, ಹಾಡು ಮತ್ತು ಬಿನ್ನಹಗಳಲ್ಲಿ ಉಳಿದ ಭಾಷೆಗಳಿಗೆ ಜಾಗ ಕೊಡಿ.

ಪ್ರಾರ್ಥನೆ ಸಾಗುವ ಕ್ರಮ

6:45, ಪ್ರವೇಶ. ದೇವಾಲಯದ ದೀಪಗಳು ಅರ್ಧ ಉರಿಯುತ್ತಿರಲಿ. ಹಾಡಿನೊಂದಿಗೆ ಹಿಂದಿನಿಂದ ಶಿಲುಬೆ, ಹೊತ್ತಿಸಿದ ದೊಡ್ಡ ಬತ್ತಿ, ಬೈಬಲ್, ಸುತ್ತಿದ ಗೋಣಿ, ಬೂದಿಯ ತಟ್ಟೆ, ರೊಟ್ಟಿಯ ಬುಟ್ಟಿ ಈ ಸಾಲಿನಲ್ಲಿ ಬರಲಿ. ರೊಟ್ಟಿಯ ಬುಟ್ಟಿಯನ್ನು ಪೀಠದ ಮೇಲಲ್ಲ, ಪಕ್ಕದ ಸ್ಟೂಲಿನ ಮೇಲಿಡಿ. ಮುಂದಾಳು ಶಿಲುಬೆ ಗುರುತು ಹಾಕಿ, ನಾವೇಕೆ ಸೇರಿದ್ದೇವೆಂದು ಮೂರು ವಾಕ್ಯದಲ್ಲಿ ಹೇಳಲಿ. ಮೂರೇ.

6:52, ಮೊದಲ ವಾಚನ, ಒಂದು ಹಾಡು.

7:00, ನೆಲ. ಎರಡನೇ ವಾಚನ ಮುಗಿದ ಮೇಲೆ ಇಬ್ಬರು ಬಂದು ಪೀಠದ ಮೆಟ್ಟಿಲ ಕೆಳಗೆ ಗೋಣಿ ಹಾಸುತ್ತಾರೆ. ಒಬ್ಬರು ಎರಡು ತುದಿ ಹಿಡಿದು ನಿಲ್ಲಬೇಕು, ಇನ್ನೊಬ್ಬರು ಹಿಂದಕ್ಕೆ ನಡೆಯುತ್ತಾ ಬಿಚ್ಚಬೇಕು. ಝಾಡಿಸಬಾರದು. ಆಮೇಲೆ ಬೂದಿಯನ್ನು ಮೂರು ಬೆರಳಲ್ಲಿ ಎತ್ತಿ ತಲೆಯ ಕಡೆಯಿಂದ ಕಾಲಿನ ಕಡೆಗೆ ಉದುರಿಸಬೇಕು. ಬೂದಿ ಹಾಕಿಸಿಕೊಂಡದ್ದನ್ನು ಚೆಲಾನೊ ದಾಖಲಿಸಿದ್ದಾರೆ. ಒಂದು ನಿಮಿಷ ಮೌನ.

ಇಲ್ಲಿ ಕಂದು ನಿಲುವಂಗಿ ತೊಡಿಸಿದ ಹುಡುಗನನ್ನು ಮಲಗಿಸಿ ನಾಟಕ ಮಾಡಿಸುವ ಆಸೆ ಬಹಳ ಜನಕ್ಕೆ. ಬೇಡ. ಮಲಗಿದವನು ಒಮ್ಮೆ ಕೆಮ್ಮಿದರೂ ಯುವಕರ ಸಾಲಿನಲ್ಲಿ ನಗು ಹರಡುತ್ತದೆ, ತಾಯಂದಿರು ಫೋಟೊ ತೆಗೆಯಲು ಎದ್ದು ಬರುತ್ತಾರೆ. ಖಾಲಿ ಗೋಣಿ ಅದಕ್ಕಿಂತ ಹೆಚ್ಚು ಹೇಳುತ್ತದೆ.

‘ನನ್ನ ಪಾಲಿನದನ್ನು ನಾನು ಮಾಡಿದ್ದೇನೆ, ನಿಮ್ಮ ಪಾಲಿನದನ್ನು ಕ್ರಿಸ್ತರೇ ನಿಮಗೆ ಕಲಿಸಲಿ’ ಎಂಬ ಅರ್ಥದ ಮಾತನ್ನು ಫ್ರಾನ್ಸಿಸರು ಹೇಳಿದ್ದು ಈ ಹೊತ್ತಿನಲ್ಲೇ. ಹಾಗಾಗಿ ಸಭೆಯ ಸದಸ್ಯರು ಸಭೆಗೆ ಸೇರುವಾಗ ಮಾಡಿದ ವಾಗ್ದಾನವನ್ನು ನವೀಕರಿಸುವುದಾದರೆ ಇದೇ ತಕ್ಕ ಜಾಗ. ವಾಗ್ದಾನ ಮಾಡಿದವರು ಮಾತ್ರ ‘ತಾವ್’ ಎಂಬ T ಆಕಾರದ ಶಿಲುಬೆ ಧರಿಸಿ ಎದ್ದು ನಿಂತು ಒಟ್ಟಿಗೆ ಓದಲಿ. ಇನ್ನೂ ತರಬೇತಿಯಲ್ಲಿರುವವರು ಕುಳಿತೇ ಇರಲಿ.

7:10, ರೊಟ್ಟಿ. ಅತಿ ಹೆಚ್ಚು ಎಚ್ಚರ ಬೇಕಾದ ಜಾಗ ಇದು. ಕ್ಯಾಥೋಲಿಕರ ಕಣ್ಣಿಗೆ ದೇವಾಲಯದೊಳಗೆ ಮುರಿದ ರೊಟ್ಟಿ ಎಂದರೆ ಪೂಜೆಯಲ್ಲಿ ಸ್ವೀಕರಿಸುವ ಪರಮ ಪ್ರಸಾದವೇ. ಅರ್ಧ ಜನ ಕೈ ಜೋಡಿಸಿ ಸಾಲಾಗಿ ಬರಲು ಎದ್ದುಬಿಡುತ್ತಾರೆ, ‘ಆಮೆನ್’ ಎನ್ನುತ್ತಾರೆ, ಕೆಲವರು ಬೆಳಿಗ್ಗೆ ಪೂಜೆಯಲ್ಲಿ ಸ್ವೀಕರಿಸಿದ್ದೇನೆಂದು ಬೇಡವೆನ್ನುತ್ತಾರೆ. ಇದನ್ನು ತಪ್ಪಿಸಲು ನಾಲ್ಕು ಕೆಲಸ ಮಾಡಿ. ಪೂಜೆಯ ಬಿಲ್ಲೆ ಬೇಡ, ಬೇಕರಿಯ ಸಾದಾ ಬನ್ನು ತನ್ನಿ. 22 ಬನ್ನು, ಒಂದೊಂದೂ ನಾಲ್ಕು ಚೂರು. ಪೂಜಾಪಾತ್ರೆ, ಪೂಜಾವಸ್ತ್ರ ಯಾವುದನ್ನೂ ಬಳಸಬೇಡಿ, ಬಿದಿರಿನ ಬುಟ್ಟಿ ಇರಲಿ. ಮುಂದಾಳು ‘ಇದು ಪರಮ ಪ್ರಸಾದವಲ್ಲ, ಫ್ರಾನ್ಸಿಸರು ಸೋದರರಿಗೆ ಹಂಚಿದ ರೊಟ್ಟಿಯ ನೆನಪು, ಯಾರು ಬೇಕಾದರೂ ತಿನ್ನಬಹುದು, ಎಲ್ಲರೂ ಕುಳಿತೇ ಇರಿ’ ಎಂದು ಮೊದಲೇ ಹೇಳಲಿ. ಬುಟ್ಟಿಯೇ ಬೆಂಚಿನಿಂದ ಬೆಂಚಿಗೆ ಹೋಗಲಿ, ಪಕ್ಕದವರು ಪಕ್ಕದವರಿಗೆ ಕೊಡಲಿ. ಬನ್ನು ಮುರಿಯುವ ಮುಂಚೆ ಮುಂದಾಳು ಹೇಳುವುದು ಊಟದ ಮುಂಚಿನ ಕೃತಜ್ಞತಾ ಪ್ರಾರ್ಥನೆಯಷ್ಟೇ. ಪರಮ ಪ್ರಸಾದದ ಮಾತುಗಳ ಛಾಯೆಯೂ ಅದರಲ್ಲಿ ಬರಬಾರದು. ಬಲಿಪೂಜೆಯ ಬೆನ್ನಿಗೇ ಟ್ರಾನ್ಸಿಟಸ್ ಇದ್ದರೆ ಗೊಂದಲ ಖಂಡಿತ. ಆಗ ರೊಟ್ಟಿಯನ್ನು ಕೊನೆಯಲ್ಲಿ ಬಾಗಿಲ ಬಳಿ ಕೊಡಿ.

7:18, ಶುಭಸಂದೇಶ. ಎಲ್ಲರೂ ಎದ್ದು ನಿಂತು ಯೊವಾನ್ನ 13:1-17 ಆಲಿಸಬೇಕು. ಕ್ರಿಸ್ತರು ಶಿಷ್ಯರ ಪಾದ ತೊಳೆದ ಪ್ರಸಂಗ. ಓದಿದ್ದನ್ನು ಮಾಡಿಯೂ ತೋರಿಸೋಣವೆಂದು ಯಾರಾದರೂ ಬೋಗುಣಿ ತಂದರೆ ತಡೆಯಿರಿ. ಅದು ಪವಿತ್ರ ಗುರುವಾರದ್ದು. ಚಿಂತನೆ ಬೇಕೇ ಬೇಕೆಂದರೆ ಐದು ನಿಮಿಷ. ಗುರುಗಳೇ ಬಂದಿದ್ದರೂ ಐದೇ ಎಂದು ಮುಂಚಿತವಾಗಿ ವಿನಂತಿಸಿಕೊಳ್ಳಿ.

7:27, ಮೇಣದಬತ್ತಿ, ಸೃಷ್ಟಿಗೀತೆ, ಕೀರ್ತನೆ. ಮೊದಲು ಫ್ಯಾನು ಆರಿಸಿ, ಆಮೇಲೆ ಬತ್ತಿ ಹಚ್ಚಿ. ಹೊತ್ತಿದ ಬತ್ತಿಯನ್ನು ಬಾಗಿಸಬಾರದು, ಹೊತ್ತದ ಬತ್ತಿಯನ್ನು ಬಾಗಿಸಿ ಹಚ್ಚಿಕೊಳ್ಳಬೇಕು. ಇದನ್ನು ಮೈಕಿನಲ್ಲಿ ಒಮ್ಮೆ ಹೇಳಿದರೆ ನೆಲದ ಮೇಣ ಅರ್ಧ ಕಡಿಮೆಯಾಗುತ್ತದೆ. ಐದು ವರ್ಷದೊಳಗಿನ ಮಕ್ಕಳ ಕೈಗೆ ಬತ್ತಿ ಬೇಡ. ಎಲ್ಲ ಹೊತ್ತಿಕೊಂಡ ಮೇಲೆ ವಿದ್ಯುತ್ ದೀಪಗಳನ್ನು ಹಿಂದಿನಿಂದ ಮುಂದಕ್ಕೆ ಒಂದೊಂದಾಗಿ ಆರಿಸಿ. ಪರಮ ಪ್ರಸಾದ ಪೆಟ್ಟಿಗೆಯ ಕೆಂಪು ದೀಪಕ್ಕೆ ಮಾತ್ರ ಕೈ ಹಚ್ಚುವಂತಿಲ್ಲ.

ಈಗ ಸೃಷ್ಟಿಗೀತೆಯಲ್ಲಿ ಸೋದರಿ ಮರಣಕ್ಕೆ ಸಂಬಂಧಿಸಿದ ಚರಣವಷ್ಟೇ. ಸೂರ್ಯ, ಚಂದ್ರ, ನೀರು, ಬೆಂಕಿಯನ್ನು ಸೋದರ ಸೋದರಿಯರೆಂದು ಕರೆಯುವ ಭಾಗ 1225ರದು. ಮರಣದ ಚರಣ ಸೇರಿಸಿದ್ದು ಕೊನೆಯ ದಿನಗಳಲ್ಲಿ, ಸೋದರ ಆಂಜೆಲೊ ಮತ್ತು ಲಿಯೋ ಅದನ್ನು ಅವರೆದುರು ಹಾಡುತ್ತಿದ್ದರು. ಪೂರ್ತಿ ಗೀತೆ ಇಲ್ಲೇ ಹಾಡಿದರೆ ಬತ್ತಿ ಕರಗಿ ಮುಗಿಯುತ್ತದೆ.

ಕೀರ್ತನೆ 142ನ್ನು ಎಡಬದಿ, ಬಲಬದಿ ಎಂದು ಎರಡು ಗುಂಪಾಗಿ ಚರಣ ಬಿಟ್ಟು ಚರಣ ಹೇಳಿ. ರಾಗ ಹಾಕಲು ಬಂದರೆ ಒಂದೇ ಸ್ವರದ ಮೇಲೆ, ವಾದ್ಯವಿಲ್ಲದೆ. ಕೀಬೋರ್ಡಿನವರಿಗೆ ಇಲ್ಲಿ ಕೈ ಕಟ್ಟಿ ಕೂರಲು ಹೇಳುವುದೇ ಕಷ್ಟದ ಕೆಲಸ. ಏಳನೇ ಚರಣ ಎಲ್ಲರೂ ಒಟ್ಟಿಗೆ. ಅದಕ್ಕೆ ‘ಪಿತನಿಗೂ ಸುತನಿಗೂ’ ಸೇರಿಸದೆ ಹಾಗೆಯೇ ನಿಲ್ಲಿಸಿ.

7:37, ಮರಣದ ವಾಚನ ಮತ್ತು ಮೌನ. ಮೂರನೇ ವಾಚನದ ಕಡೆಯ ಸಾಲಿಗೆ ಎಲ್ಲರೂ ಮೊಣಕಾಲೂರುತ್ತಾರೆ. ಮೂರು ನಿಮಿಷ ಮೌನ. ಜನಕ್ಕೆ ಇದು ಬಹಳ ದೀರ್ಘ ಎನಿಸುತ್ತದೆ, ಗಾನವೃಂದದವರು ಒಂದೂವರೆ ನಿಮಿಷಕ್ಕೇ ಹಾಡು ಎತ್ತಿಬಿಡುತ್ತಾರೆ. ಗಡಿಯಾರ ನೋಡುವ ಹೊಣೆ ಮುಂದಾಳು ಒಬ್ಬರದೇ. ಅವರು ಎದ್ದು ನಿಂತ ಮೇಲೆಯೇ ಹಾಡು ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಮಂಡಿನೋವಿನವರಿಗೆ ಕುಳಿತಿರಲು ಹೇಳಿ.

ಮೌನದ ನಡುವೆ ದೇವಾಲಯದ ಗಂಟೆ ಬಿಟ್ಟು ಬಿಟ್ಟು ಹೊಡೆಸುವ ರೂಢಿ ಕೆಲವೆಡೆ ಇದೆ. ಹಳ್ಳಿಗಳಲ್ಲಿ ಹಾಗೆ ಹೊಡೆದರೆ ಯಾರೋ ತೀರಿಕೊಂಡರೆಂದೇ ಅರ್ಥ. ಹತ್ತು ನಿಮಿಷದಲ್ಲಿ ಊರವರು ‘ಯಾರು ಹೋದರು?’ ಎಂದು ಕೇಳುತ್ತ ಬರುತ್ತಾರೆ. ಹಿಂದಿನ ಭಾನುವಾರವೇ ಪ್ರಕಟಿಸಿ, ಇಲ್ಲವೇ ಪೂಜೆಯ ಕೈಗಂಟೆಯಲ್ಲೇ ಮುಗಿಸಿ.

7:43, ಬೆಳಕು. ದೀಪಗಳೆಲ್ಲ ಒಮ್ಮೆಗೇ ಹೊತ್ತಲಿ. ಮಠಗಳಲ್ಲಿ ಈ ಹೊತ್ತಿಗೆ ‘ಓ ಸಾಂತಿಸ್ಸಿಮಾ ಆನಿಮಾ’ ಎಂಬ ಲತೀನ್ ಪಲ್ಲವಿ ಹಾಡುತ್ತಾರೆ. ಗೊತ್ತಿಲ್ಲದಿದ್ದರೆ ಎಲ್ಲರಿಗೂ ಬರುವ, ಚಪ್ಪಾಳೆ ತಟ್ಟಿ ಹಾಡಬಹುದಾದ ಸ್ತುತಿಗೀತೆ ಎತ್ತಿ. ಬಳಿಕ ನಾಲ್ಕನೇ ವಾಚನ, ಲಾರ್ಕ್ ಹಕ್ಕಿಗಳದು. ಮೇಣದಬತ್ತಿ ಆರಿಸಲು ಹೇಳುವುದು ಮರೆಯಬೇಡಿ, ಇಲ್ಲದಿದ್ದರೆ ಬಿನ್ನಹಗಳ ಹೊತ್ತಿಗೆ ಯಾರದಾದರೂ ದುಪಟ್ಟಾಕ್ಕೆ ತಾಗುತ್ತದೆ.

7:50, ಬಿನ್ನಹಗಳು ಐದು. ಅದರಲ್ಲಿ ಒಂದು ಆ ವರ್ಷ ತೀರಿಕೊಂಡ ಸದಸ್ಯರಿಗೆ, ಹೆಸರು ಹಿಡಿದು. ಪಟ್ಟಿಯನ್ನು ಕಾರ್ಯದರ್ಶಿ ಎರಡು ಸಲ ತಾಳೆ ನೋಡಲಿ. ಒಂದು ಹೆಸರು ಬಿಟ್ಟುಹೋದರೆ ಆ ಮನೆಯವರು ವರ್ಷಗಟ್ಟಲೆ ಮರೆಯುವುದಿಲ್ಲ. ಸ್ವರ್ಗದಲ್ಲಿರುವ ನಮ್ಮ ತಂದೆಯೇ, ಆಮೇಲೆ ಸಂಖ್ಯಾಕಾಂಡ 6:24-26. ಫ್ರಾನ್ಸಿಸರು 1224ರಲ್ಲಿ ಸೋದರ ಲಿಯೋಗೆ ತಮ್ಮ ಕೈಯಾರೆ ಬರೆದುಕೊಟ್ಟ ಆಶೀರ್ವಾದ ಇದೇ ಮಾತುಗಳದು. ಅದರೊಂದಿಗೆ ಮುಕ್ತಾಯ. ಹೊರಹೋಗುವಾಗ ಬಯಸಿದವರು ಶಿಲುಬೆಯನ್ನು ಮುಟ್ಟಿ ನಮಸ್ಕರಿಸಬಹುದು.

ಜಾಕೋಬಾ ತಿಂಡಿ

ರೋಮಿನ ಜಾಕೋಬಾ ದೆ ಸೆತ್ತೆಸೋಲಿ ಎಂಬ ಸಿರಿವಂತ ವಿಧವೆ ಫ್ರಾನ್ಸಿಸರ ಆಪ್ತ ಸ್ನೇಹಿತೆ. ಅವರನ್ನು ಫ್ರಾನ್ಸಿಸರು ‘ಸೋದರ ಜಾಕೋಬಾ’ ಎಂದೇ ಕರೆಯುತ್ತಿದ್ದರು. ಸಾವು ಹತ್ತಿರವಾದಾಗ ಬೂದು ಬಣ್ಣದ ಬಟ್ಟೆ, ಮೇಣ, ಜೊತೆಗೆ ಅವರು ಹಿಂದೆ ಮಾಡಿಕೊಡುತ್ತಿದ್ದ ಬಾದಾಮಿ ತಿಂಡಿಯನ್ನು ತರುವಂತೆ ಪತ್ರ ಬರೆಸಿದರು. ಪತ್ರ ಹೊರಡುವ ಮೊದಲೇ ಆಕೆ ಎಲ್ಲವನ್ನೂ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಹಾಗಾಗಿ ಪ್ರಾರ್ಥನೆ ಮುಗಿದ ಮೇಲೆ ಬಾದಾಮಿ ಸಿಹಿ ಹಂಚುವುದು ಸೊಗಸಾದ ವಾಡಿಕೆ.

ಸುಮಾರು 35 ಚಿಕ್ಕ ತುಂಡಿಗೆ: ಸಿಪ್ಪೆ ತೆಗೆದು ತರಿತರಿಯಾಗಿ ಕುಟ್ಟಿದ ಬಾದಾಮಿ 450 ಗ್ರಾಂ, ಜೇನುತುಪ್ಪ ಅರ್ಧ ಕಪ್ಪು, ದಾಲ್ಚಿನ್ನಿ ಪುಡಿ ಒಂದು ಟೀ ಚಮಚ, ಸ್ವಲ್ಪ ಕಡೆದ ಎರಡು ಮೊಟ್ಟೆಯ ಬಿಳಿ, ಮೈದಾ ಸುಮಾರು ಒಂದು ಕಪ್ಪು. ಎಲ್ಲ ಸೇರಿಸಿ ಗಟ್ಟಿಯಾಗಿ ನಾದಿ, ಕಾಲಿಂಚು ದಪ್ಪ ಲಟ್ಟಿಸಿ, ಶಂಕರಪೋಳಿಯಂತೆ ವಜ್ರಾಕಾರಕ್ಕೆ ಕತ್ತರಿಸಿ. ತಟ್ಟೆಯಲ್ಲಿ ಒಂದೆರಡು ಗಂಟೆ ಆರಲು ಬಿಟ್ಟು, 120 ಡಿಗ್ರಿ ಸೆಲ್ಸಿಯಸ್‌ನಲ್ಲಿ 20ರಿಂದ 30 ನಿಮಿಷ ಬೇಯಿಸಿ. ಗಟ್ಟಿಯಾದರೆ ಸಾಕು, ಕಂದಾಗಬಾರದು. ಕಂದಾದರೆ ಜೇನು ಸೀದು ಕಹಿ ಬರುತ್ತದೆ. ಹಿಟ್ಟು ಕೈಗೆ ಅಂಟಿದರೆ ಮೈದಾ ಒಂದೊಂದೇ ಚಮಚ ಸೇರಿಸಿ, ಒಮ್ಮೆಲೇ ಸುರಿದರೆ ಬಿಸ್ಕತ್ತಾಗುತ್ತದೆ. ಓವನ್ ಇಲ್ಲದವರು, ಬಾದಾಮಿ ಬೆಲೆ ನೋಡಿ ಬೆಚ್ಚಿದವರು ಕಡಲೆಕಾಯಿ ಚಿಕ್ಕಿ ಹಂಚಲಿ, ಫ್ರಾನ್ಸಿಸರು ಖಂಡಿತ ಬೇಜಾರು ಮಾಡಿಕೊಳ್ಳುವವರಲ್ಲ. ಬೀಜಗಳು ಒಗ್ಗದವರಿಗೆ ಬೇರೆ ಏನಾದರೂ ಇಟ್ಟು, ತಟ್ಟೆಯ ಪಕ್ಕ ‘ಇದರಲ್ಲಿ ಬಾದಾಮಿ, ಮೊಟ್ಟೆ ಇದೆ’ ಎಂದು ಬರೆದಿಡಿ.

ನಾಲ್ಕೈದು ಜನರೇ ಇದ್ದರೆ

ಕೂಟ ಚಿಕ್ಕದಾಗಿದ್ದರೆ ದೇವಾಲಯ ಬೇಕೆಂದೇನಿಲ್ಲ, ಮನೆಯ ಪಡಸಾಲೆಯಲ್ಲಿ ಅರ್ಧ ಗಂಟೆಯಲ್ಲಿ ಮುಗಿಸಬಹುದು. ಕುರ್ಚಿ ಸರಿಸಿ ಎಲ್ಲರೂ ನೆಲದ ಮೇಲೆ ಕೂರಿ. ಗೋಣಿ, ಬೂದಿ ಬೇಡ. ಮೊದಲ ವಾಚನ ಬಿಟ್ಟು ಎರಡನೆಯದರಿಂದ ಶುರುಮಾಡಿ, ರೊಟ್ಟಿ, ಶುಭಸಂದೇಶ, ಕೀರ್ತನೆ, ಮರಣ, ಮೌನ, ಆಶೀರ್ವಾದ. ರೊಟ್ಟಿಗೆ ಆವತ್ತು ಮನೆಯಲ್ಲಿ ಮಾಡಿದ ಚಪಾತಿಯೇ ಆದೀತು. ಬತ್ತಿ ಮನುಷ್ಯನಿಗೊಂದು ಬೇಡ, ನಡುವೆ ಒಂದೇ ಇರಲಿ. ಹಾಸಿಗೆ ಹಿಡಿದ ಸದಸ್ಯರಿದ್ದರೆ ಅವರ ಮನೆಯನ್ನೇ ಆರಿಸಿಕೊಳ್ಳಿ. ಆಗ ಮರಣದ ವಾಚನ ಓದಬೇಕೇ ಎಂದು ಮನೆಯವರನ್ನು ಮೊದಲೇ ಕೇಳಿ. ಬೇಡವೆಂದರೆ ಕೀರ್ತನೆಗೆ ನಿಲ್ಲಿಸಿ ಸೃಷ್ಟಿಗೀತೆ ಹಾಡಿ.

ಗಲ್ಫ್‌ನಲ್ಲೋ ಬೇರೆ ದೇಶದಲ್ಲೋ ಇರುವ ಸದಸ್ಯರನ್ನು ವಿಡಿಯೋ ಕರೆಯಲ್ಲಿ ಸೇರಿಸಿಕೊಳ್ಳುವುದಾದರೆ ವಾಚನವೊಂದನ್ನು ಅವರಿಗೆ ಒಪ್ಪಿಸಿ, ಕೀರ್ತನೆಯ ಹೊತ್ತಿಗೆ ಅವರ ಮೈಕು ಮ್ಯೂಟ್ ಮಾಡಿಸಿ. ಕರೆಯಲ್ಲಿ ದನಿ ಒಂದೆರಡು ಸೆಕೆಂಡು ತಡವಾಗಿ ಬರುವುದರಿಂದ ಎರಡೂ ಕಡೆಯವರು ಒಟ್ಟಿಗೆ ಹೇಳಲು ಆಗುವುದೇ ಇಲ್ಲ.

ನೆಲಕ್ಕೆ ಬಿದ್ದ ಮೇಣವನ್ನು ಆ ರಾತ್ರಿಯೇ ಕೆರೆಯಲು ಹೋಗಬೇಡಿ, ಬಿಸಿಯಿದ್ದಾಗ ಉಜ್ಜಿದರೆ ಗ್ರಾನೈಟಿನ ಮೇಲೆ ಹರಡುತ್ತದೆ. ಬೆಳಿಗ್ಗೆ, ಹಬ್ಬದ ಪೂಜೆಗೆ ಒಂದು ಗಂಟೆ ಮುಂಚೆ ಬಂದು, ಪ್ಲಾಸ್ಟಿಕ್ ಸ್ಕೇಲಿನಲ್ಲಿ ಎಬ್ಬಿಸಿದರೆ ಬಿಲ್ಲೆಯಂತೆ ಕಿತ್ತುಬರುತ್ತದೆ. ಗೋಣಿಯನ್ನು ಹೊರಗೆ ಕೊಡವಿ, ಮಡಿಸಿ, ವಾಚನದ ಹಾಳೆಗಳ ಜೊತೆ ಒಂದೇ ಚೀಲಕ್ಕೆ ಹಾಕಿ ಕಾರ್ಯದರ್ಶಿಯ ಸುಪರ್ದಿಗೆ ಕೊಡಿ.